ಗಂಟೆಗೆ ಆರು ಪೆನ್ಸ್: ಬ್ರಿಟನ್ನಿನ ಅಂಗಡಿ ಬೀದಿಗಳಲ್ಲಿ ಪಾರ್ಕಿಂಗ್ ಶುಲ್ಕ

ಬ್ರಿಟನ್ನಿನಲ್ಲಿ ‘ಹೈಸ್ಟ್ರೀಟ್’ ಎಂದರೆ ಊರ ನಡುವಿನ ಮುಖ್ಯ ಅಂಗಡಿ ಬೀದಿ. ಅಲ್ಲಿನ ಸಣ್ಣ ವರ್ತಕರು ಸ್ಥಳೀಯ ಕೌನ್ಸಿಲ್ ವಸೂಲು ಮಾಡುವ ಪಾರ್ಕಿಂಗ್ ಶುಲ್ಕವನ್ನು ತಮ್ಮ ವ್ಯಾಪಾರಕ್ಕೆ ಬಿದ್ದ ಪೆಟ್ಟೆಂದು ದೂರುತ್ತ ಬಂದಿದ್ದಾರೆ. ಆದರೆ ಈ ಶುಲ್ಕದ ಮೂಲದಲ್ಲಿರುವುದು ವರ್ತಕರದೇ ಬೇಡಿಕೆ. ಅಮೆರಿಕದ ಒಕ್ಲಹೋಮ ಸಿಟಿಯಲ್ಲಿ ಕಚೇರಿ ನೌಕರರು ಬೆಳಿಗ್ಗೆ ಅಂಗಡಿಗಳ ಮುಂದೆ ನಿಲ್ಲಿಸಿದ ಕಾರುಗಳನ್ನು ಸಂಜೆಯವರೆಗೂ ಕದಲಿಸದೆ ಗಿರಾಕಿಗಳಿಗೆ ಜಾಗವೇ ಸಿಗದಂತಾದಾಗ, ಪತ್ರಿಕಾ ಸಂಪಾದಕ ಕಾರ್ಲ್ ಮ್ಯಾಗೀ ನಾಣ್ಯ ನುಂಗುವ ಮೀಟರಿನ ಯೋಜನೆಯನ್ನು ಮುಂದಿಟ್ಟ. 1935ರ ಜುಲೈಯಲ್ಲಿ ಗಂಟೆಗೆ ಐದು ಸೆಂಟ್ ದರದ ಆ ಮೀಟರುಗಳನ್ನು ಬೀದಿಯ ಒಂದು ಬದಿಗೆ ನೆಟ್ಟಾಗ, ಅಲ್ಲಿ ಜಾಗ ಬೇಗಬೇಗ ತೆರವಾಗುವುದನ್ನು ಕಂಡ ಎದುರು ಬದಿಯ ವರ್ತಕರು ತಮಗೂ ಮೀಟರು ಬೇಕೆಂದು ಕೇಳಿದರು.

ಬ್ರಿಟನ್ನಿಗೆ ಈ ಯಂತ್ರ ಬಂದದ್ದು ತಡವಾಗಿ. 1956ರ ರಸ್ತೆ ಸಂಚಾರ ಕಾಯ್ದೆ ಇದಕ್ಕೆ ಅವಕಾಶ ಕೊಟ್ಟ ಮೇಲೆ, 1958ರ ಜುಲೈ 10ರಂದು ಲಂಡನ್ನಿನ ಗ್ರೋವ್ನರ್ ಚೌಕದಲ್ಲಿ ಮೊದಲ ಮೀಟರುಗಳು ಕೆಲಸ ಆರಂಭಿಸಿದವು. ಗಂಟೆಗೆ ಆರು ಪೆನ್ಸ್, ಅಂದರೆ ಅಂದಿನ ಲೆಕ್ಕದಲ್ಲಿ ಅರ್ಧ ಶಿಲ್ಲಿಂಗ್ ಕೊಟ್ಟು ಹೆಚ್ಚೆಂದರೆ ಎರಡು ಗಂಟೆ ಕಾರು ನಿಲ್ಲಿಸಬಹುದಿತ್ತು. ಅವಧಿ ಮೀರಿದವರು ತೆರಬೇಕಾದ ಹೆಚ್ಚುವರಿ ಶುಲ್ಕ ಹತ್ತು ಶಿಲ್ಲಿಂಗ್, ಎಂದರೆ ಮೂಲ ದರದ ಇಪ್ಪತ್ತು ಪಟ್ಟು. ಇಷ್ಟು ದೊಡ್ಡ ಅಂತರವಿಟ್ಟುದನ್ನು ನೋಡಿದರೆ, ಬೊಕ್ಕಸ ತುಂಬುವುದಕ್ಕಿಂತ ಕಾರನ್ನು ಹೊತ್ತಿಗೆ ಸರಿಯಾಗಿ ಎಬ್ಬಿಸುವುದೇ ಆ ವ್ಯವಸ್ಥೆಯ ಮುಖ್ಯ ಗುರಿಯಾಗಿತ್ತೆಂದು ಹೇಳಬಹುದು.

ಆ ಗುರಿ ಮಸುಕಾಗಲು ಕಾನೂನಿನ ಬದಲಾವಣೆಯೂ ಕಾರಣವಾಯಿತು. 1991ರ ಕಾಯ್ದೆ ಪಾರ್ಕಿಂಗ್ ತಪ್ಪುಗಳಲ್ಲಿ ಬಹುಪಾಲನ್ನು ಅಪರಾಧಗಳ ಸಾಲಿನಿಂದ ತೆಗೆದು ದಂಡ ವಿಧಿಸುವ ಹೊಣೆಯನ್ನು ಪೊಲೀಸರಿಂದ ಕೌನ್ಸಿಲ್‌ಗಳಿಗೆ ವರ್ಗಾಯಿಸಲು ದಾರಿ ಮಾಡಿದ್ದರಿಂದ, ಶುಲ್ಕದ ಜೊತೆಗೆ ದಂಡದ ಹಣವೂ ಸ್ಥಳೀಯ ಆಡಳಿತದ ಕೈಸೇರತೊಡಗಿತು. ಹೀಗೆ ಬಂದು ಖರ್ಚು ಕಳೆದು ಉಳಿದ ಹಣವನ್ನು ಪಾರ್ಕಿಂಗ್, ಸಾರಿಗೆ, ರಸ್ತೆ ಮುಂತಾದ ಗೊತ್ತುಪಡಿಸಿದ ಬಾಬ್ತುಗಳಿಗೇ ಬಳಸಬೇಕೆಂದು 1984ರ ಕಾಯ್ದೆಯ 55ನೆಯ ಪ್ರಕರಣ ವಿಧಿಸಿತ್ತು, ನಿಜ. ಆದರೆ ರಸ್ತೆಯ ಖರ್ಚು ಅಲ್ಲಿಂದ ನೀಗಿದರೆ ಅಷ್ಟು ಹಣ ಬೇರೆ ಕೆಲಸಕ್ಕೆ ಉಳಿಯುತ್ತದೆ ಎಂಬುದು ಯಾವ ಲೆಕ್ಕಾಧಿಕಾರಿಗೂ ತಿಳಿಯದ ಸಂಗತಿಯಲ್ಲ.

ಉತ್ತರ ಲಂಡನ್ನಿನ ಬಾರ್ನೆಟ್‌ನಲ್ಲಿ ಈ ಇಕ್ಕಟ್ಟು ಎದ್ದು ಕಾಣುತ್ತದೆ. ಒಂದೇ ಸೂರಿನಡಿ ಹಲವಾರು ಮಳಿಗೆಗಳನ್ನು ಕೂಡಿಸಿ ಗಿರಾಕಿಗಳಿಗೆ ಉಚಿತವಾಗಿ ಕಾರು ನಿಲ್ಲಿಸಲು ಬಿಡುತ್ತಿದ್ದ ಬ್ರೆಂಟ್ ಕ್ರಾಸ್ ಎಂಬ ಬೃಹತ್ ವಾಣಿಜ್ಯ ಸಂಕೀರ್ಣ 1976ರಲ್ಲಿ ಇದೇ ಆಡಳಿತ ವ್ಯಾಪ್ತಿಯಲ್ಲಿ ತೆರೆದಿತ್ತು. ಅದೇ ಕೌನ್ಸಿಲ್‌ನ ಹಳೆಯ ಅಂಗಡಿ ಬೀದಿಗಳಲ್ಲಿ ಮಾತ್ರ ಕಾಸು ಕೊಡಬೇಕಿತ್ತು. ಸಾಲದ್ದಕ್ಕೆ 2011ರ ಸುಮಾರಿಗೆ ಅಲ್ಲಿನ ನಾಣ್ಯಯಂತ್ರಗಳು ಹೋಗಿ ಫೋನಿನ ಮೂಲಕ ಹಣ ಕಟ್ಟುವ ಪದ್ಧತಿ ಬಂದಾಗ, ಚಿಲ್ಲರೆ ಹಿಡಿದು ಬರುವ ವಯಸ್ಸಾದ ಗಿರಾಕಿಗಳು ದೂರವಾಗುತ್ತಿದ್ದಾರೆಂದು ವರ್ತಕರು ಪ್ರತಿಭಟಿಸಿದರು. ಇದೇ ಕೌನ್ಸಿಲ್ ನಿವಾಸಿಗಳ ಪಾರ್ಕಿಂಗ್ ಪರವಾನಗಿ ಶುಲ್ಕವನ್ನು 40 ಪೌಂಡಿನಿಂದ 100ಕ್ಕೆ ಏರಿಸಿದ್ದನ್ನು 2013ರಲ್ಲಿ ಹೈಕೋರ್ಟ್ ಕಾನೂನುಬಾಹಿರವೆಂದು ಸಾರಿ, 1984ರ ಕಾಯ್ದೆ ಆದಾಯ ಎತ್ತುವ ಸಾಧನವಲ್ಲವೆಂದು ಸ್ಪಷ್ಟಪಡಿಸಿತು. ಮೊಕದ್ದಮೆ ಹೂಡಿದವರು ವರ್ತಕರಲ್ಲದಿದ್ದರೂ ಅವರ ಬಹುಕಾಲದ ವಾದಕ್ಕೆ ಈ ತೀರ್ಪಿನಿಂದ ಬಲ ಬಂತು.

ಹಾಗೆಂದು ವರ್ತಕರ ಅಂದಾಜನ್ನೆಲ್ಲ ಒಪ್ಪುವಂತಿಲ್ಲ. ಬ್ರಿಸ್ಟಲ್ ನಗರದ ಗ್ಲಾಸ್ಟರ್ ರಸ್ತೆಯ ಬಗ್ಗೆ, ನಡಿಗೆ ಮತ್ತು ಸೈಕಲ್ ಸವಾರಿಯನ್ನು ಉತ್ತೇಜಿಸುವ ಸಸ್ಟ್ರಾನ್ಸ್ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಗಿರಾಕಿಗಳಲ್ಲಿ ಶೇ. 41ರಷ್ಟು ಜನ ಕಾರಿನಲ್ಲಿ ಬರುತ್ತಾರೆಂದು ಅಂಗಡಿಯವರು ಎಣಿಸಿದ್ದರೆ, ಹಾಗೆ ಬರುತ್ತಿದ್ದವರು ಶೇ. 22 ಮಾತ್ರ. ಆದರೂ ಸರಾಸರಿಯೊಂದರಿಂದ ಎಲ್ಲ ಅಂಗಡಿಗಳ ಸ್ಥಿತಿ ತಿಳಿಯದು: ಪೀಠೋಪಕರಣ ಕೊಳ್ಳಲು ಬಂದವನಿಗೆ ಗಂಟೆಯ ಶುಲ್ಕ ಲೆಕ್ಕಕ್ಕಿಲ್ಲ, ಪತ್ರಿಕೆಯೊಂದನ್ನು ಕೊಳ್ಳಲೋ ಹೊಲಿಸಿದ ಬೂಟು ಒಯ್ಯಲೋ ಐದು ನಿಮಿಷಕ್ಕೆ ಬಂದವನಿಗೆ ಅದೇ ಭಾರ. ಇಂಗ್ಲೆಂಡಿನಲ್ಲಿ 2015ರ ಏಪ್ರಿಲ್‌ನಿಂದ ಕಡ್ಡಾಯವಾದ ಹತ್ತು ನಿಮಿಷಗಳ ರಿಯಾಯಿತಿಯೂ ಹಣ ಕಟ್ಟಿದ ಅಥವಾ ಉಚಿತವಾಗಿ ಬಿಟ್ಟ ಅವಧಿ ಮುಗಿದ ಮೇಲೆ ಅನ್ವಯಿಸುವಂಥದಾದ್ದರಿಂದ, ಶುಲ್ಕದ ಬೀದಿಯಲ್ಲಿ ಇಂಥ ಗಿರಾಕಿಗೆ ಅದು ಒದಗುವುದು ಅವನು ಮೊದಲು ಚೀಟಿ ಕೊಂಡಿದ್ದರೆ ಮಾತ್ರ.