ನೃಪತುಂಗನ ಕಾಲದ ಪುಟಾಣಿ ಪ್ರೋಗ್ರಾಮ್

ನೃಪತುಂಗ ಅಂದ ತಕ್ಷಣ ನಾವು ಬ್ಲಾಗಿಗರೆಲ್ಲ 'ಕವಿರಾಜಮಾರ್ಗ' ಅಂತೀವಿ. ಅದೇ ರಾಜನನ್ನು ತನ್ನ ಪುಸ್ತಕದ ಶುರುವಿನಲ್ಲೇ ಹೊಗಳಿದ ಇನ್ನೊಬ್ಬನಿದ್ದಾನೆ: ಗಣಿತಜ್ಞ ಮಹಾವೀರಾಚಾರ್ಯ (ತೀರ್ಥಂಕರ ಮಹಾವೀರ ಬೇರೆ!). ಕ್ರಿ.ಶ. ೮೫೦ರ ಸುಮಾರಿಗೆ ಅವನು ಬರೆದದ್ದು 'ಗಣಿತಸಾರಸಂಗ್ರಹ'. ಆ ರಾಜನ ರಾಜಧಾನಿ ಮಾನ್ಯಖೇಟ, ಅಂದ್ರೆ ಈಗಿನ ಮಳಖೇಡ, ನಮ್ಮ ಜಿಲ್ಲೆಯಲ್ಲೇ ಇದೆ. ನಮ್ಮ ಮಹಾಗಾಂವದಿಂದ ಕಲಬುರಗಿಗೆ ಬಂದು ಸೇಡಂ ಬಸ್ ಹತ್ತಿದರೆ ಕಾಗಿಣಾ ದಂಡೆಯ ಕೋಟೆ ನೋಡಿ ಸಂಜೆಯೊಳಗೆ ಮನೆಗೆ ಬರಬಹುದು. ಕೋಟೆ ನೋಡಿದವರು ಬಹಳ ಜನ ಸಿಗ್ತಾರೆ, ಮಹಾವೀರಾಚಾರ್ಯನ ಹೆಸರು ಕೇಳಿದವರು ಸಿಗೋದು ಕಷ್ಟ.

ಪ್ರೋಗ್ರಾಮ್ ಬರೆಯೋರಲ್ಲಿ ಒಂದು ಹುಚ್ಚಿದೆ. ಒಂದು ಸಂಖ್ಯಾಸರಣಿ ಕೊಟ್ಟು, ಅತಿ ಕಡಿಮೆ ಅಕ್ಷರಗಳಲ್ಲಿ ಅದನ್ನು ಹುಟ್ಟಿಸುವ ಕೋಡ್ ಯಾರು ಬರೀತಾರೆ ಅಂತ ಪಂದ್ಯ. ಮಹಾವೀರನ ಸೂತ್ರಗಳನ್ನು ಓದುವಾಗ ನನಗೆ ಇದೇ ನೆನಪಾಗೋದು. ವ್ಯತ್ಯಾಸ ಇಷ್ಟೇ, ಅವನಿಗೆ ಅದು ಪಂದ್ಯವಲ್ಲ. ಶಿಷ್ಯ ಬಾಯಿಪಾಠ ಮಾಡಬೇಕು, ಛಂದಸ್ಸಿಗೆ ಕೂರಬೇಕು, ಆದರೂ ಲೆಕ್ಕ ತಪ್ಪಬಾರದು.

ಒಂದು ಉದಾಹರಣೆ ನೋಡಿ. ೧ ಎಂಬ ಸಂಖ್ಯೆಯನ್ನು, ಅಂಶದಲ್ಲಿ ಒಂದೇ ಇರುವ ಭಿನ್ನರಾಶಿಗಳಾಗಿ ಒಡೆಯಬೇಕು. ಅವನ ಸೂತ್ರದ ತಾತ್ಪರ್ಯ: ಒಂದರಿಂದ ಶುರುಮಾಡಿ ಮೂರು ಮೂರರಿಂದ ಗುಣಿಸುತ್ತಾ ಹೋಗು, ಮೊದಲನೆಯದನ್ನು ಎರಡರಿಂದ, ಕೊನೆಯದನ್ನು ಮೂರನೇ ಎರಡರಿಂದ ಗುಣಿಸು. ಅಷ್ಟೇ!

ನಾಲ್ಕು ಪದ ಬೇಕಾ? ೧, ೩, ೯, ೨೭. ಮೊದಲನೆಯದು ೨ ಆಯ್ತು, ಕೊನೆಯದು ೧೮ ಆಯ್ತು. ೧/೨ + ೧/೩ + ೧/೯ + ೧/೧೮ ಕೂಡಿಸಿ, ಸರಿಯಾಗಿ ಒಂದು. ಐದು ಬೇಕಾ? ೨, ೩, ೯, ೨೭, ೫೪.

ಯಾಕೆ ಹೀಗೆ ಅನ್ನೋದಕ್ಕೆ ಜೋಳದ ರೊಟ್ಟಿ ಸಾಕು. ಮೊದಲನೆಯವನು ಅರ್ಧ ತಗೊಂಡ. ಉಳಿದದ್ದರಲ್ಲಿ ಮೂರನೇ ಎರಡು ಭಾಗ ಎರಡನೆಯವನಿಗೆ, ಅಂದ್ರೆ ಇಡೀ ರೊಟ್ಟಿಯ ೧/೩. ಮತ್ತೆ ಉಳಿದದ್ದರಲ್ಲಿ ಮೂರನೇ ಎರಡು ಮುಂದಿನವನಿಗೆ, ೧/೯. ಕೊನೆಯವನು ಉಳಿದದ್ದನ್ನೆಲ್ಲ ಬಳಿದುಕೊಳ್ತಾನೆ. ಸೂತ್ರದಲ್ಲಿ ಕೊನೆಯ ಪದಕ್ಕೆ ಮಾತ್ರ ಬೇರೆ ನಿಯಮ ಇರೋದು ಇದಕ್ಕೇ. (ಒಂದೇ ಪದ ಕೊಟ್ಟರೆ ಸೂತ್ರ ಎಡವುತ್ತೆ, ೩/೪ ಬರುತ್ತೆ. ಆದರೆ ರೊಟ್ಟಿ ಹಂಚೋಕೆ ಇಬ್ಬರಾದರೂ ಬೇಕಲ್ವಾ!)

ಇನ್ನೊಂದು ಲೆಕ್ಕ ಆರು ರುಚಿಗಳದ್ದು. ಮೇಲೆ ೬ರಿಂದ ೧ರವರೆಗೆ, ಕೆಳಗೆ ೧ರಿಂದ ೬ರವರೆಗೆ ಬರೆದು ಗುಣಿಸುತ್ತಾ ಭಾಗಿಸುತ್ತಾ ಹೋದರೆ ೬, ೧೫, ೨೦, ೧೫, ೬, ೧. ಒಟ್ಟು ೬೩ ಬಗೆಯ ಮಿಶ್ರಣ. ಶಾಲೆಯಲ್ಲಿ ಇದನ್ನೇ ಯಾವುದೋ ಇಂಗ್ಲಿಷ್ ಹೆಸರಿನಲ್ಲಿ ಕಲಿತಿದ್ದೇವೆ.

ಪುಸ್ತಕ ಸಂಸ್ಕೃತದಲ್ಲಿತ್ತು. ಪಾವುಲೂರಿ ಮಲ್ಲನ ೧೧ನೇ ಶತಮಾನದಲ್ಲೇ ಅದನ್ನು ತೆಲುಗಿಗೆ ತಂದ. ನಮ್ಮಲ್ಲಿ ೧೨ನೇ ಶತಮಾನದ ರಾಜಾದಿತ್ಯ 'ವ್ಯವಹಾರಗಣಿತ' ಬರೆದ, ಅದು ಅವನದೇ ಪುಸ್ತಕ. ೧೯೧೨ರಲ್ಲಿ ಮದ್ರಾಸಿನಲ್ಲಿ ರಂಗಾಚಾರ್ಯರ ಇಂಗ್ಲಿಷ್ ಅನುವಾದ ಅಚ್ಚಾಯಿತು. ಪದ್ಮಾವತಮ್ಮನವರ ಕನ್ನಡ ಅನುವಾದ ಹೊಂಬುಜದಿಂದ ಬಂದದ್ದು ೨೦೦೦ದಲ್ಲಿ. ರಾಜಧಾನಿ ನಮ್ಮದು, ರಾಜ ನಮ್ಮವನು, ಆದರೆ ತೆಲುಗರು ನಮಗಿಂತ ಎಷ್ಟು ಮುಂಚೆ ಓದಿದರು ನೋಡಿ. ಹೊಟ್ಟೆಕಿಚ್ಚಾಗುತ್ತೆ.

ಕೋಡ್ ಬರೆಯೋ ಗೆಳೆಯರೇ, ನಿಮಗಿಷ್ಟವಾದ ಭಾಷೆಯಲ್ಲಿ ಆ ಭಿನ್ನರಾಶಿ ಸೂತ್ರವನ್ನು ಒಂದೇ ಸಾಲಿನಲ್ಲಿ ಬರೆದು ಏಳು ಪದಕ್ಕೆ ಓಡಿಸಿ. ಕೊನೆಯ ಛೇದ ೪೮೬ ಬರಬೇಕು.