ಅನುಮತಿ ಸಿಕ್ಕ ಮೇಲಿನ ವಿಳಂಬ: ಸ್ಟ್ಯಾಮ್‌ಫರ್ಡ್ ಬ್ರಿಜ್ ಮತ್ತು ಟಾಟನ್‌ಹ್ಯಾಮ್ ಕ್ರೀಡಾಂಗಣಗಳ ಪುನರ್‌ನಿರ್ಮಾಣ

ಲಂಡನ್ನಿನ ಚೆಲ್ಸಿ ಫುಟ್‌ಬಾಲ್ ಕ್ಲಬ್ ತನ್ನ ಸ್ಟ್ಯಾಮ್‌ಫರ್ಡ್ ಬ್ರಿಜ್ ಕ್ರೀಡಾಂಗಣವನ್ನು ಪೂರ್ತಿ ಕೆಡವಿ ಹೊಸದಾಗಿ ಕಟ್ಟಲು ಹ್ಯಾಮರ್‌ಸ್ಮಿತ್ ಮತ್ತು ಫುಲಂ ಕೌನ್ಸಿಲ್‌ಗೆ 2015ರ ನವೆಂಬರಿನಲ್ಲಿ ಅರ್ಜಿ ಹಾಕಿತು. ಕೌನ್ಸಿಲಿನ ಯೋಜನಾ ಸಮಿತಿ 2017ರ ಜನವರಿ 11ರಂದು ಅದಕ್ಕೆ ಒಪ್ಪಿಗೆ ಕೊಟ್ಟಿತು. ಮಾರ್ಚಿನಲ್ಲಿ ಮೇಯರ್ ಸಾದಿಕ್ ಖಾನ್ ಅವರೂ ಹಸಿರು ನಿಶಾನೆ ತೋರಿದರು. ಊರ ನಡುವೆ, ರೈಲು ಹಳಿಗಳ ಪಕ್ಕದಲ್ಲಿ, ಹಳಿಗಳ ಮೇಲೆಯೇ ಚಪ್ಪರದಂಥ ನಡೆದಾಡುವ ವೇದಿಕೆ ಹಾಕಿ, 60,000 ಜನ ಕೂರುವ ಕಟ್ಟಡ ಎಬ್ಬಿಸುವ ಯೋಜನೆಗೆ ಹದಿನಾಲ್ಕು ತಿಂಗಳಲ್ಲಿ ಸಮಿತಿಯ ಒಪ್ಪಿಗೆ ಸಿಕ್ಕಿದ್ದು ತಡವೇನಲ್ಲ. ಆದರೂ 2020ರ ಮಾರ್ಚ್ 31ರಂದು ಆ ಅನುಮತಿ ಅವಧಿ ಮುಗಿದು ರದ್ದಾಯಿತು. ಅಷ್ಟರಲ್ಲಿ ಹಳೆಯ ಕ್ರೀಡಾಂಗಣದ ಒಂದು ಸ್ಟ್ಯಾಂಡನ್ನೂ ಯಾರೂ ಮುಟ್ಟಿರಲಿಲ್ಲ.

ಇಂಥ ಪ್ರಕರಣಗಳನ್ನೆಲ್ಲ 'ಯೋಜನಾ ವಿಳಂಬ' ಎಂಬ ಒಂದೇ ಖಾತೆಗೆ ಬರೆದು, ಸ್ಥಳೀಯ ಸಂಸ್ಥೆಯ ಕೆಂಪು ಪಟ್ಟಿಯನ್ನೋ ತಕರಾರು ತೆಗೆದ ನೆರೆಯವರನ್ನೋ ದೂರುವುದು ಕ್ರೀಡಾ ಬರವಣಿಗೆಯ ರೂಢಿ. ಕಡತದ ತಾರೀಖುಗಳನ್ನು ಸಾಲಾಗಿ ಇಟ್ಟು ನೋಡಿದರೆ ಈ ರೂಢಿ ನಿಲ್ಲುವುದಿಲ್ಲ. ಈ ಲೇಖನದ ವಾದ ಇಷ್ಟು: ಇಂಗ್ಲೆಂಡಿನ ಕಾನೂನು ಕ್ರೀಡಾಂಗಣದ ಎದುರು ನಿಂತ ಸಣ್ಣ ಹಕ್ಕುದಾರನ ಹಕ್ಕನ್ನು ಇಂಚಿಂಚು ಅಳೆಯುತ್ತದೆ, ಕಟ್ಟುತ್ತೇನೆಂದು ಬಂದವನು ನಿಜಕ್ಕೂ ಕಟ್ಟುತ್ತಾನೆಯೇ ಎಂಬುದನ್ನು ಅಷ್ಟೇ ಕಟ್ಟುನಿಟ್ಟಾಗಿ ಅಳೆಯುವ ಸಂದರ್ಭ ಕೆಲವು ದಾರಿಗಳಲ್ಲಿ ಬರುವುದೇ ಇಲ್ಲ. ಚೆಲ್ಸಿ ಹಿಡಿದದ್ದು ಅಂಥ ದಾರಿ. ಉತ್ತರ ಲಂಡನ್ನಿನ ಟಾಟನ್‌ಹ್ಯಾಮ್ ಹಾಟ್‌ಸ್ಪರ್ ಹಿಡಿದದ್ದು ಬೇರೆ, ಅದಕ್ಕಿಂತ ನಿಧಾನವಾದ ದಾರಿ. ಕ್ರೀಡಾಂಗಣ ಎದ್ದದ್ದು ಅಲ್ಲಿ.

ಮೊದಲು ನೆಲದ ಮಾತು. ಸ್ಟ್ಯಾಮ್‌ಫರ್ಡ್ ಬ್ರಿಜ್‌ನ ನಿವೇಶನದ ದಕ್ಷಿಣಕ್ಕೆ ಫುಲಂ ರಸ್ತೆ, ಒಂದು ಬದಿಗೆ ಡಿಸ್ಟ್ರಿಕ್ಟ್ ಮೆಟ್ರೊ ಮಾರ್ಗ, ಪೂರ್ವಕ್ಕೆ ಇನ್ನೊಂದು ರೈಲು ಮಾರ್ಗ, ಅದರಾಚೆ ಬ್ರಾಂಪ್ಟನ್ ಸ್ಮಶಾನ. ಬೆಳೆಯಲು ಎಲ್ಲೂ ಎಡೆಯಿಲ್ಲ. ಪಂದ್ಯದ ದಿನ ಹೆಚ್ಚಿನ ಪ್ರೇಕ್ಷಕರು ಫುಲಂ ರಸ್ತೆಯ ಕಡೆಯಿಂದಲೇ ಒಳಬರಬೇಕು, ಅದೇ ಕಡೆಯಿಂದ ಹೊರಬೀಳಬೇಕು. ಸುಮಾರು 41,000 ಆಸನಗಳನ್ನು 60,000ಕ್ಕೆ ಏರಿಸುವುದು ಇಲ್ಲಿ ಆಸನದ ಪ್ರಶ್ನೆಗಿಂತ ಮೊದಲು ಬಾಗಿಲಿನ ಪ್ರಶ್ನೆ. ಸ್ವಿಟ್ಜರ್ಲೆಂಡಿನ ವಾಸ್ತುಶಿಲ್ಪಿಗಳಾದ ಹರ್ಟ್‌ಸೊಗ್ ಮತ್ತು ಡಿ ಮೆರಾನ್ ಹಳಿಗಳ ಮೇಲೆ ವೇದಿಕೆ ಹಾಸಿದ್ದು ಅಲಂಕಾರಕ್ಕಲ್ಲ. ಜನ ಹರಿದುಹೋಗಲು ಬೇರೆ ಜಾಗವಿರಲಿಲ್ಲ. ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ನೆನಪು ತರುವ ಇಟ್ಟಿಗೆ ಕಂಬಗಳ ಚಿತ್ರ ಪತ್ರಿಕೆಗಳಲ್ಲೆಲ್ಲ ಬಂತು. ವೇದಿಕೆಯ ಸುದ್ದಿ ಅಷ್ಟು ಬರಲಿಲ್ಲ. ವೆಚ್ಚದ ಅಂದಾಜು ಮೊದಲು 50 ಕೋಟಿ ಪೌಂಡ್ ಎಂದಿದ್ದದ್ದು ಮುಂದೆ 100 ಕೋಟಿ ಪೌಂಡ್ ಎಂದು ವರದಿಯಾಗಲು ಇಂಥ ಕಾಮಗಾರಿಯ ಪಾಲೂ ಇದೆ.

ಕಟ್ಟಡ ಎದ್ದರೆ ಬಿಸಿಲು ಯಾರಿಗೆ ಕಡಿಮೆಯಾಗುತ್ತದೆ? ಪೂರ್ವದ ಕಡೆಯ ಕೆಲವು ಮನೆಗಳಿಗೆ. ಹಲವರೊಡನೆ ಕ್ಲಬ್ ಪರಿಹಾರ ಮಾತಾಡಿ ಮುಗಿಸಿತು. ಅರ್ಧ ಶತಮಾನದಿಂದ ಅಲ್ಲಿದ್ದ ಒಂದು ಕುಟುಂಬ ಮಾತ್ರ ಹಣಕ್ಕೆ ಒಪ್ಪದೆ 2017ರಲ್ಲಿ ತಡೆಯಾಜ್ಞೆಯ ದಾರಿ ಹಿಡಿಯಿತು. ಅವರ ಕೈಯಲ್ಲಿದ್ದದ್ದು ಯೋಜನಾ ಕಾನೂನಲ್ಲ, ಅದಕ್ಕಿಂತ ಬಹಳ ಹಳೆಯ ಖಾಸಗಿ ಹಕ್ಕು. 1832ರ ಪ್ರಿಸ್ಕ್ರಿಪ್ಷನ್ ಕಾಯಿದೆಯಂತೆ ಒಂದು ಕಿಟಕಿ ಇಪ್ಪತ್ತು ವರ್ಷ ಅಡೆತಡೆಯಿಲ್ಲದೆ ಪಕ್ಕದ ಜಮೀನಿನ ಮೇಲಿಂದ ಬೆಳಕು ಪಡೆದಿದ್ದರೆ, ಆ ಬೆಳಕು ಆ ಮನೆಯ ಸೊತ್ತಾಗುತ್ತದೆ. (1882ರ ಭಾರತೀಯ ಈಸ್‌ಮೆಂಟ್ ಕಾಯಿದೆಯ 15ನೇ ಕಲಂನಲ್ಲೂ ಗಾಳಿ ಬೆಳಕಿಗೆ ಇದೇ ಇಪ್ಪತ್ತು ವರ್ಷದ ಲೆಕ್ಕವಿದೆ. ಆ ಕಾಯಿದೆ ಮೊದಲು ಅನ್ವಯವಾದ ಕೆಲವೇ ಪ್ರಾಂತಗಳಲ್ಲಿ ನಮ್ಮ ಕೊಡಗೂ ಒಂದು.) ನಕ್ಷೆ ಮಂಜೂರಾದ ಮಾತ್ರಕ್ಕೆ ಈ ಹಕ್ಕು ಅಳಿಯುವುದಿಲ್ಲ. ಮಂಜೂರಾತಿ ಎಂದರೆ ಕೌನ್ಸಿಲಿಗೆ ಅಡ್ಡಿಯಿಲ್ಲ ಎಂದಷ್ಟೇ. ನೆರೆಯವನಿಗೂ ಅಡ್ಡಿಯಿಲ್ಲ ಎಂದಲ್ಲ. 2014ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಸಫೊಕ್ ಪ್ರಾಂತದ ಒಂದು ಮೋಟಾರ್ ರೇಸ್ ಕ್ರೀಡಾಂಗಣದ ಗದ್ದಲದ ಮೊಕದ್ದಮೆಯಲ್ಲಿ ಇದೇ ತತ್ತ್ವವನ್ನು ಮತ್ತೆ ಹೇಳಿತು: ಅನುಮತಿ ಇದೆಯೆಂಬುದು ನೆರೆಯವರ ಉಪದ್ರವಕ್ಕೆ ಸಮರ್ಥನೆಯಾಗದು.

ಬೆಳಕನ್ನು ಅಳೆಯುವ ಬಗೆಯನ್ನು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಪರ್ಸಿ ವಾಲ್ಡ್ರಂ ಎಂಬ ಸರ್ವೇಯರ್ ಕಳೆದ ಶತಮಾನದ ಮೊದಲ ದಶಕಗಳಲ್ಲಿ ರೂಪಿಸಿದ ಪದ್ಧತಿ ಇಂದಿಗೂ ಈ ವೃತ್ತಿಯಲ್ಲಿ ಬಳಕೆಯಲ್ಲಿದೆ. ಕೋಣೆಯ ನೆಲದಿಂದ 850 ಮಿಲಿಮೀಟರ್ ಮೇಲೆ, ಎಂದರೆ ಮೇಜಿನ ಎತ್ತರದಲ್ಲಿ, ಒಂದು ಸಮತಲ ಇದೆಯೆಂದು ಭಾವಿಸುತ್ತಾರೆ. ಆ ಸಮತಲದ ಒಂದೊಂದು ಬಿಂದುವಿನಿಂದ ಕಿಟಕಿಯ ಮೂಲಕ ಆಕಾಶದ ಎಷ್ಟು ಪಾಲು ಕಾಣುತ್ತದೆ ಎಂದು ಲೆಕ್ಕ ಹಾಕುತ್ತಾರೆ. ಇಡೀ ಆಕಾಶಗೋಲದ ಬೆಳಕಿನಲ್ಲಿ ಶೇ. 0.2 ಆ ಬಿಂದುವಿಗೆ ಸಿಕ್ಕರೆ ಅಲ್ಲಿ ಓದಬಹುದು, ಹೊಲಿಯಬಹುದು ಎಂದರ್ಥ. ಅಂಥ ಬಿಂದುಗಳ ಅಂಚನ್ನು ಸೇರಿಸಿ ಕೋಣೆಯ ನಕ್ಷೆಯ ಮೇಲೆ ಗೆರೆ ಎಳೆಯುತ್ತಾರೆ. ಗೆರೆಯ ಒಳಗೆ ಕೋಣೆಯ ಅರ್ಧದಷ್ಟು ಬಂದರೆ ಬೆಳಕು ಸಾಕು. ಎದುರು ಕಟ್ಟಡ ಎದ್ದ ಮೇಲೆ ಗೆರೆ ಕಿಟಕಿಯ ಕಡೆಗೆ ಸರಿದು ಅರ್ಧಕ್ಕಿಂತ ಕಡಿಮೆಯಾದರೆ ಹಕ್ಕಿಗೆ ಧಕ್ಕೆ. ಈ ಮಾನದಂಡ ತೀರಾ ಮಬ್ಬು ಬೆಳಕಿಗೇ ತೃಪ್ತಿಪಡುತ್ತದೆ ಎಂದು ಇತ್ತೀಚಿನ ಸಂಶೋಧಕರು ಟೀಕಿಸಿದ್ದಾರೆ; ಟೀಕೆ ನ್ಯಾಯವಾದದ್ದೇ. ಆದರೆ ನನ್ನ ಗಮನ ಅದರ ಸೂಕ್ಷ್ಮತೆಯ ಮೇಲೆ. ಒಂದು ಮನೆಯ ಒಂದು ಕೋಣೆಯಲ್ಲಿ ಮೇಜಿನ ಮೇಲೆ ಬೀಳುವ ಬೆಳಕಿನ ಗೆರೆ ಎಷ್ಟು ಸರಿಯಿತು ಎಂಬಲ್ಲಿಯ ತನಕ ಕಾನೂನಿನ ಕಣ್ಣು ಹೋಗುತ್ತದೆ.

ಈ ಹಕ್ಕಿಗೆ ಬಿಲ್ಡರುಗಳು ಹೆದರಲು ಕಾರಣವಿದೆ. 2010ರಲ್ಲಿ ಲೀಡ್ಸ್ ನಗರದ ಒಂದು ಪ್ರಕರಣದಲ್ಲಿ, ಆಗಲೇ ಕಟ್ಟಿ ಮುಗಿಸಿದ್ದ ಮೇಲಂತಸ್ತುಗಳ ಭಾಗವನ್ನು ಒಡೆದು ತೆಗೆಯುವಂತೆ ನ್ಯಾಯಾಲಯ ಆಜ್ಞೆ ಮಾಡಿತು. ಅಂದಿನಿಂದ ತಡೆಯಾಜ್ಞೆಯ ಸಾಧ್ಯತೆ ಇರುವ ನಿವೇಶನಕ್ಕೆ ಸಾಲ ಕೊಡುವವರು ಹಿಂಜರಿಯತೊಡಗಿದರು. ಚೆಲ್ಸಿಯೂ ಕೌನ್ಸಿಲಿಗೆ ಹೇಳಿದ್ದು ಇದನ್ನೇ: ಈ ಭಯ ನಿವಾರಣೆಯಾಗದೆ ಹಣ ಹೊಂದಿಸಲಾಗದು. ಪೂರ್ವ ಸ್ಟ್ಯಾಂಡಿನ ಒಂದಿಷ್ಟು ಭಾಗವನ್ನು ತಗ್ಗಿಸಿದರೆ ಸಾಕು, ಉಳಿದದ್ದಕ್ಕೆ ನಮ್ಮ ತಕರಾರಿಲ್ಲ ಎಂಬುದು ಕುಟುಂಬದ ನಿಲುವು. ಕ್ಲಬ್ ನಕ್ಷೆ ಬದಲಿಸಲಿಲ್ಲ. ಕೌನ್ಸಿಲಿನ ನೆರವು ಕೇಳಿತು.

ನೆರವು 2016ರ ವಸತಿ ಮತ್ತು ಯೋಜನಾ ಕಾಯಿದೆಯ 203ನೇ ಕಲಂನಲ್ಲಿತ್ತು. ಸ್ಥಳೀಯ ಸಂಸ್ಥೆ ಸಾರ್ವಜನಿಕ ಉದ್ದೇಶಕ್ಕಾಗಿ ಜಮೀನಿನಲ್ಲಿ ಹಕ್ಕು ಪಡೆದುಕೊಂಡರೆ, ಅನುಮತಿ ಪಡೆದ ಕಾಮಗಾರಿಗೆ ಅಡ್ಡಬರುವ ಬೆಳಕಿನಂಥ ಖಾಸಗಿ ಹಕ್ಕುಗಳು ಆ ಕಾಮಗಾರಿಯನ್ನು ತಡೆಯಲಾರವು. ನೆರೆಯವನಿಗೆ ಪರಿಹಾರಧನ ಸಿಗುತ್ತದೆ, ತಡೆಯಾಜ್ಞೆ ಸಿಗದು. 2018ರ ಜನವರಿ 15ರಂದು ಕೌನ್ಸಿಲಿನ ಕ್ಯಾಬಿನೆಟ್ ಇದಕ್ಕೆ ಒಪ್ಪಿತು. ಯೋಜನೆ ಹೀಗೆ: ಕ್ಲಬ್ಬಿನಿಂದ ಜಮೀನಿನ ಹಕ್ಕನ್ನು ಕೌನ್ಸಿಲ್ ಪಡೆಯುವುದು, ಮತ್ತೆ ಕ್ಲಬ್ಬಿಗೇ ಲೀಸಿಗೆ ಕೊಡುವುದು. ನೆಲ ಒಂದು ಸುತ್ತು ಹೋಗಿ ಕೊಟ್ಟವರ ಕೈಗೇ ಬರುತ್ತದೆ. ಆ ಸುತ್ತಿನಲ್ಲಿ ನೆರೆಯವರ ತಡೆಯುವ ಹಕ್ಕು ಕಳಚಿ ಬೀಳುತ್ತದೆ. ಜಮೀನು ಕೈ ಬದಲಿಸುವುದು ಒಪ್ಪಂದದಿಂದಾದ್ದರಿಂದ ಬಲವಂತದ ಭೂಸ್ವಾಧೀನವಿಲ್ಲ. ಭೂಸ್ವಾಧೀನವಿಲ್ಲದ್ದರಿಂದ ಸ್ವತಂತ್ರ ಇನ್‌ಸ್ಪೆಕ್ಟರ್ ಮುಂದೆ ಸಾರ್ವಜನಿಕ ವಿಚಾರಣೆಯೂ ಇಲ್ಲ.

ನಾಲ್ಕೂವರೆ ತಿಂಗಳು ಕಳೆದು, ಮೇ 31ರಂದು, ಕ್ಲಬ್ ಯೋಜನೆಯನ್ನು ಸ್ಥಗಿತಗೊಳಿಸಿತು. ಬಂಡವಾಳ ಹೂಡಿಕೆಯ ವಾತಾವರಣ ಪ್ರತಿಕೂಲವಾಗಿದೆ ಎಂಬುದು ಅದು ಕೊಟ್ಟ ಕಾರಣ. ಆ ವಸಂತದಲ್ಲಿ ಮಾಲೀಕ ರೋಮನ್ ಅಬ್ರಮೋವಿಚ್ ಅವರ ಬ್ರಿಟಿಷ್ ವೀಸಾ ನವೀಕರಣವಾಗಿರಲಿಲ್ಲ. ಅವರು ಇಸ್ರೇಲಿನ ಪೌರತ್ವ ಪಡೆದಿದ್ದರು. ವೀಸಾಕ್ಕೂ ಯೋಜನೆಯ ಸ್ಥಗಿತಕ್ಕೂ ನಡುವಣ ನಂಟನ್ನು ಕ್ಲಬ್ ಒಪ್ಪಿ ಹೇಳಲಿಲ್ಲ, ಅದನ್ನು ಸಾಬೀತು ಮಾಡುವುದು ಈ ಲೇಖನಕ್ಕೆ ಬೇಕಾಗಿಯೂ ಇಲ್ಲ. ಬೇಕಾದದ್ದು ಇಷ್ಟೇ: ಒಂದು ಮನೆಯ ಹಕ್ಕನ್ನು ಬದಿಗೆ ಸರಿಸಲು ಮುಂದಿಟ್ಟ ಸಾರ್ವಜನಿಕ ಹಿತ ಪೂರ್ತಿಯಾಗಿ ಒಬ್ಬ ಮಾಲೀಕನ ಜೇಬು ಮತ್ತು ಮನಸ್ಸನ್ನು ನೆಚ್ಚಿಕೊಂಡಿತ್ತು. ಕಿಟಕಿಯ ಬೆಳಕಿಗೆ ಶೇ. 0.2ರ ಅಳತೆ ಇದ್ದಂತೆ ಆ ಜೇಬಿಗೆ ಯಾವ ಅಳತೆಯೂ ಇರಲಿಲ್ಲ.

ಟಾಟನ್‌ಹ್ಯಾಮ್‌ನ ಕಡತ ಇದಕ್ಕಿಂತ ದಪ್ಪ. ವೈಟ್ ಹಾರ್ಟ್ ಲೇನ್‌ನ ಪಕ್ಕದಲ್ಲೇ ಹೊಸ ಕ್ರೀಡಾಂಗಣಕ್ಕೆ ಮೊದಲ ಅರ್ಜಿ ಹೋದದ್ದು 2009ರ ಅಕ್ಟೋಬರಿನಲ್ಲಿ. ಹೈ ರೋಡ್‌ನ ಹಳೆಯ ಕಟ್ಟಡಗಳನ್ನು ಕೆಡವುವುದಕ್ಕೆ ಪಾರಂಪರಿಕ ಕಟ್ಟಡಗಳ ಸಂಸ್ಥೆ ಆಕ್ಷೇಪಿಸಿದ್ದರಿಂದ ಅದನ್ನು ಹಿಂದಕ್ಕೆ ಪಡೆದು 2010ರಲ್ಲಿ ತಿದ್ದಿದ ನಕ್ಷೆ ಕೊಟ್ಟರು. ಮಧ್ಯೆ ಕ್ಲಬ್ ಸ್ಟ್ರಾಟ್‌ಫರ್ಡಿನ ಒಲಿಂಪಿಕ್ ಕ್ರೀಡಾಂಗಣಕ್ಕೂ ಕೈ ಚಾಚಿ 2011ರಲ್ಲಿ ವೆಸ್ಟ್‌ಹ್ಯಾಮ್ ಎದುರು ಸೋತಿತು. ಅದೇ ಆಗಸ್ಟಿನಲ್ಲಿ ಟಾಟನ್‌ಹ್ಯಾಮ್‌ನಲ್ಲಿ ಗಲಭೆ. ಬಡಾವಣೆಗೆ ಬಂಡವಾಳ ಬರಲೇಬೇಕೆಂಬ ಒತ್ತಡದಲ್ಲಿ ಹ್ಯಾರಿಂಗೆ ಕೌನ್ಸಿಲ್ 2012ರಲ್ಲಿ ಕ್ಲಬ್ಬಿನ ಮೇಲಿದ್ದ ಹೊಣೆಗಳನ್ನು ಇಳಿಸಿತು: ಮೂಲಸೌಕರ್ಯಕ್ಕೆ ಕೊಡಬೇಕಿದ್ದ ಸುಮಾರು 1.6 ಕೋಟಿ ಪೌಂಡ್ ಸುಮಾರು 5 ಲಕ್ಷ ಪೌಂಡಿಗೆ ಬಂತು, ಕೈಗೆಟುಕುವ ದರದ ಮನೆಗಳ ಷರತ್ತು ಹೋಯಿತು. ವಿಳಂಬದಿಂದ ನಷ್ಟ ಯಾವಾಗಲೂ ಕ್ಲಬ್ಬಿಗೇ ಎನ್ನುವವರು ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಲಿ. ಕಾದವನಿಗೆ ಚೌಕಾಸಿಯ ಬಲವೂ ಬರುತ್ತದೆ.

ಅಲ್ಲಿಯ ಒಂಟಿ ಹಕ್ಕುದಾರ ತಗಡಿನ ಕೆಲಸದ ಒಂದು ಕಾರ್ಖಾನೆ. ಅದರ ಜಾಗಕ್ಕೆ ಬಲವಂತದ ಭೂಸ್ವಾಧೀನದ ಆದೇಶ ಬಂತು. 2013ರ ಮಾರ್ಚಿನಲ್ಲಿ ಸಾರ್ವಜನಿಕ ವಿಚಾರಣೆ ನಡೆಯಿತು. ವಿಚಾರಣೆ ಮುಗಿದ ಮೇಲೂ ಮಂತ್ರಿ ಎರಿಕ್ ಪಿಕಲ್ಸ್ ಅವರ ನಿರ್ಧಾರಕ್ಕೆ 2014ರ ಜುಲೈ ತನಕ ಕಾಯಬೇಕಾಯಿತು. ಆಮೇಲೆ ಹೈಕೋರ್ಟು, 2015ರ ಫೆಬ್ರವರಿಯಲ್ಲಿ ಕಾರ್ಖಾನೆಯ ಅರ್ಜಿ ವಜಾ. ಹದಿನಾರು ತಿಂಗಳು ಮಂತ್ರಿಯ ಮೇಜಿನ ಮೇಲೆ ಕಡತ ಕೂತದ್ದಕ್ಕೆ ನಾನು ವಕಾಲತ್ತು ವಹಿಸಲಾರೆ. ಆದರೆ ವಿಚಾರಣೆಯ ಹಂತವೇ ಬೇರೆ. ಇನ್ನೊಬ್ಬರ ಜಾಗ ಬೇಕೆನ್ನುವವರು ಅದು ಯಾಕೆ ಬೇಕು, ಅದನ್ನು ಕಟ್ಟಲು ಹಣ ಎಲ್ಲಿಂದ, ಎಷ್ಟು ಕಾಲದೊಳಗೆ ಎಂಬುದನ್ನೆಲ್ಲ ಬಹಿರಂಗವಾಗಿ ಹೇಳಬೇಕಾಗುತ್ತದೆ; ಎದುರು ವಾದಿ ಪಾಟೀ ಸವಾಲು ಹಾಕಬಹುದು. ಸ್ಟ್ಯಾಮ್‌ಫರ್ಡ್ ಬ್ರಿಜ್‌ನ ಕುಟುಂಬಕ್ಕೆ ಇಂಥ ವೇದಿಕೆ ಸಿಗಲಿಲ್ಲ.

ಕಾದ ಕಾಲದಲ್ಲಿ ಟಾಟನ್‌ಹ್ಯಾಮ್‌ನ ನಕ್ಷೆಯೂ ಬದಲಾಯಿತು. 2015ರಲ್ಲಿ ಅಮೆರಿಕನ್ ಫುಟ್‌ಬಾಲ್ ಲೀಗಿನೊಡನೆ ಒಪ್ಪಂದವಾಗಿ, ಹುಲ್ಲಿನ ಮೈದಾನ ಮೂರು ತುಂಡಾಗಿ ದಕ್ಷಿಣ ಸ್ಟ್ಯಾಂಡಿನ ಕೆಳಗೆ ಜಾರಿಹೋಗುವ, ಅದರಡಿ ಕೃತಕ ಹಾಸು ಇರುವ ವಿನ್ಯಾಸ ಬಂತು. ಸುಮಾರು 56,000 ಆಸನಗಳ ಹಳೆಯ ನಕ್ಷೆಯ ಜಾಗದಲ್ಲಿ 61,000 ದಾಟಿದ ಹೊಸ ನಕ್ಷೆಗೆ ಅದೇ ಡಿಸೆಂಬರಿನಲ್ಲಿ ಒಪ್ಪಿಗೆ ಸಿಕ್ಕಿತು. 2019ರ ಏಪ್ರಿಲ್ 3ರಂದು ಅಲ್ಲಿ ಮೊದಲ ಲೀಗ್ ಪಂದ್ಯ. ಕೊನೆಯ ಏಳೆಂಟು ತಿಂಗಳ ವಿಳಂಬ ಸುರಕ್ಷಾ ವ್ಯವಸ್ಥೆಗಳ ದೋಷದ್ದು. ಅದಕ್ಕೂ ಯೋಜನಾ ಕಾನೂನಿಗೂ ಸಂಬಂಧವಿಲ್ಲ. ನಿಧಾನವಾದ ದಾರಿಯೇ ಕ್ರೀಡಾಂಗಣ ಕಟ್ಟಿಸಿತು ಎಂದು ಈ ಎರಡೇ ಉದಾಹರಣೆಗಳಿಂದ ಹೇಳುವುದು ಅತಿಯಾದೀತು. ಬೇಗದ ದಾರಿ ಕಟ್ಟಿಸುತ್ತದೆ ಎಂಬ ನಂಬಿಕೆಗಂತೂ ಇಲ್ಲಿ ಆಧಾರವಿಲ್ಲ.

ಚೆಲ್ಸಿಯ ವಿಷಯದಲ್ಲಿ ಇನ್ನೊಂದು ಹಕ್ಕುದಾರ ಗುಂಪಿದೆ. ಅದನ್ನು ಹುಟ್ಟಿಸಿದ್ದು ಹಿಂದಿನ ಒಂದು ಪುನರ್‌ನಿರ್ಮಾಣದ ಸಾಲವೇ. 1974ರಲ್ಲಿ ತೆರೆದ ಮೂರಂತಸ್ತಿನ ಪೂರ್ವ ಸ್ಟ್ಯಾಂಡಿನ ಖರ್ಚು ಕ್ಲಬ್ಬಿನ ಬೆನ್ನು ಮುರಿಯಿತು. 1982ರಲ್ಲಿ ಕೆನ್ ಬೇಟ್ಸ್ ಕ್ಲಬ್ಬನ್ನು 1 ಪೌಂಡಿಗೆ ಕೊಂಡಾಗ ನೆಲ ಅದರ ಜೊತೆಗೆ ಬರಲಿಲ್ಲ. ಅದು ನಿವೇಶನ ವ್ಯಾಪಾರಿಗಳ ಕೈಗೆ ಹೋಗಿ, ಕ್ರೀಡಾಂಗಣದ ಜಾಗದಲ್ಲಿ ಮನೆಗಳೇಳುವ ಭಯ ಹುಟ್ಟಿತು. 1992ರಲ್ಲಿ ಆಗ ನೆಲದ ಒಡೆತನವಿದ್ದ ಕಂಪನಿ ಮುಳುಗಿದ್ದರಿಂದ ಕ್ಲಬ್ ಉಳಿಯಿತು. ಮತ್ತೆ ಹಾಗಾಗಬಾರದೆಂದು ಹುಟ್ಟಿದ್ದು ಅಭಿಮಾನಿಗಳು ಷೇರು ಹೊಂದಿರುವ ಚೆಲ್ಸಿ ಪಿಚ್ ಓನರ್ಸ್. ಮೈದಾನದ ಒಡೆತನವೂ, 'ಚೆಲ್ಸಿ ಫುಟ್‌ಬಾಲ್ ಕ್ಲಬ್' ಎಂಬ ಹೆಸರಿನ ಮೇಲಿನ ಹಿಡಿತವೂ ಅದರದ್ದು. ಅದರ ಒಪ್ಪಿಗೆಯಿಲ್ಲದೆ ಬೇರೆಡೆಗೆ ಹೋದರೆ ಕ್ಲಬ್ ಆ ಹೆಸರಿನಲ್ಲಿ ಆಡುವಂತಿಲ್ಲ. 2011ರ ಅಕ್ಟೋಬರಿನಲ್ಲಿ ಈ ಒಡೆತನವನ್ನು ಮರಳಿ ಕೊಳ್ಳಲು ಕ್ಲಬ್ ಮತಕ್ಕೆ ಹಾಕಿತು. ಬೇಕಿದ್ದದ್ದು ಶೇ. 75, ಬಂದದ್ದು ಶೇ. 61.6. ಮರುವರ್ಷ ಬ್ಯಾಟರ್ಸೀ ವಿದ್ಯುತ್ ಸ್ಥಾವರದ ಜಾಗಕ್ಕೆ ಹಾಕಿದ ಬಿಡ್ಡೂ ಮಲೇಷ್ಯಾದ ಕಂಪನಿಗಳ ಎದುರು ಬಿತ್ತು. ಇದ್ದ ಜಾಗದಲ್ಲೇ ಕಟ್ಟುವ 2015ರ ಅರ್ಜಿ ಹುಟ್ಟಿದ್ದು ಈ ಎರಡು ಸೋಲುಗಳ ತರುವಾಯ. ಹಾಗಾಗಿ ವಿಳಂಬದ ಲೆಕ್ಕವನ್ನು 2015ರಿಂದ ಶುರು ಮಾಡುವುದೇ ಕ್ಲಬ್ಬಿನ ದೃಷ್ಟಿಗೆ ಶರಣಾದಂತೆ.

2022ರಲ್ಲಿ ಅಬ್ರಮೋವಿಚ್ ಮೇಲೆ ನಿರ್ಬಂಧ ಬಿದ್ದು ಕ್ಲಬ್ 250 ಕೋಟಿ ಪೌಂಡಿಗೆ ಟಾಡ್ ಬೋಲಿ ಮತ್ತು ಕ್ಲಿಯರ್‌ಲೇಕ್ ಕೂಟಕ್ಕೆ ಮಾರಾಟವಾಯಿತು. ಮುಂದೆ 175 ಕೋಟಿ ಪೌಂಡ್ ಹೂಡುವ ಮಾತೂ ಅದರೊಡನೆ ಬಂತು. ಹೊಸ ಮಾಲೀಕರು 2023ರಲ್ಲಿ ಪಕ್ಕದ ಸರ್ ಆಸ್ವಾಲ್ಡ್ ಸ್ಟಾಲ್ ಮ್ಯಾನ್ಷನ್ಸ್ ಆವರಣದ 1.2 ಎಕರೆಯನ್ನು ಸುಮಾರು 8 ಕೋಟಿ ಪೌಂಡಿಗೆ ಕೊಳ್ಳುವ ಒಪ್ಪಂದ ಮಾಡಿಕೊಂಡರು. ಮೊದಲ ಮಹಾಯುದ್ಧದಲ್ಲಿ ಅಂಗವಿಕಲರಾದ ಸೈನಿಕರಿಗೆಂದು ಆಗ ಕಟ್ಟಿಸಿದ ಮನೆಗಳಿವು. ಒಪ್ಪಂದದ ಹೊತ್ತಿಗೂ ಅಲ್ಲಿ ಮಾಜಿ ಸೈನಿಕರು ವಾಸವಿದ್ದರು. ಆ ಜಾಗ ಸೇರಿದರೆ ಫುಲಂ ರಸ್ತೆಯ ಬಾಗಿಲು ಅಗಲವಾಗಬಹುದು. ಹಳೆಯ ಅನುಮತಿಯಂತೂ ಇಲ್ಲ. ಹೊಸ ನಕ್ಷೆ, ಹೊಸ ಅರ್ಜಿ, ಸುತ್ತಲಿನ ಕೋಣೆಗಳಲ್ಲಿ ಮತ್ತೆ 850 ಮಿಲಿಮೀಟರ್ ಎತ್ತರದ ಗೆರೆ. ಕಟ್ಟುವ ವರ್ಷಗಳಲ್ಲಿ ತಂಡ ಬೇರೆಲ್ಲಾದರೂ ಆಡಬೇಕಾಗಿ ಬಂದರೆ ಪಿಚ್ ಓನರ್ಸ್ ಒಪ್ಪಿಗೆಯ ಪ್ರಶ್ನೆಯೂ ಏಳುತ್ತದೆ. ಕೌನ್ಸಿಲ್ ಮತ್ತೊಮ್ಮೆ 203ನೇ ಕಲಂ ಬಳಸುವುದಾದರೆ, ಹಣ ಕೈಯಲ್ಲಿದೆ ಎಂಬುದಕ್ಕೆ ಪುರಾವೆಯನ್ನು ಲೀಸಿಗೆ ಸಹಿ ಹಾಕುವ ಮೊದಲೇ, ನೆರೆಯವರೂ ಓದಬಹುದಾದ ರೂಪದಲ್ಲಿ ಕೇಳಿ ಪಡೆಯಲು ಅದಕ್ಕೆ ಯಾವ ಅಡ್ಡಿಯೂ ಇಲ್ಲ.