ನಂಜನಗೂಡು, ಮೂಗೂರು ಮತ್ತು ದೊಡ್ಡಸ್ವಾಮಿಯವರ ವಾದ

ಯುರೋಪಿನ ಓದುಗರು ಬಹುಕಾಲ ಹಿಂದೂ ಆಚಾರಗಳ ಪ್ರಮಾಣಗ್ರಂಥವೆಂದು ನಂಬಿದ್ದ ಅಬ್ಬೆ ದುಬಾಯ್ ಅವರ ಕೃತಿಯಲ್ಲಿ ದೇವಾಲಯಗಳನ್ನು ಕುರಿತ ಅಧ್ಯಾಯವೊಂದಿದ್ದು, ಕಪಿಲೆಯ ದಡದ ನಂಜನಗೂಡು ಮತ್ತು ಇಂದು ತಿರುಮಕೂಡಲು ನರಸೀಪುರ ತಾಲ್ಲೂಕಿಗೆ ಸೇರಿರುವ ಮೂಗೂರು ಎರಡೂ ಅದರಲ್ಲಿ ಬರುತ್ತವೆ. ಇವುಗಳ ಬಗ್ಗೆ ಅಲ್ಲಿರುವ ಬರಹ ಚಿಕ್ಕದೇ ಆದರೂ, ಕ್ರೈಸ್ತ ಪಾದ್ರಿಯೊಬ್ಬರ ಶ್ರದ್ಧೆ, ತತ್ತ್ವವಿಚಾರ ಮತ್ತು ಅಂದಿನ ರಾಜಕಾರಣ ಹೇಗೆ ಒಂದರೊಳಗೊಂದು ಹೆಣೆದುಕೊಂಡಿದ್ದವು ಎಂಬುದನ್ನು ಅರಿಯಲು ಅದು ನೆರವಾಗುತ್ತದೆ.

ಅಬ್ಬೆ ಎಂಬುದು ಫ್ರಾನ್ಸಿನಲ್ಲಿ ಕ್ಯಾಥೊಲಿಕ್ ಪಾದ್ರಿಗಳಿಗೆ ಸಲ್ಲುವ ಗೌರವದ ಸಂಬೋಧನೆ. 1766ರಲ್ಲಿ ಹುಟ್ಟಿದ ದುಬಾಯ್, ಕ್ರಾಂತಿಯು ಫ್ರಾನ್ಸಿನ ಚರ್ಚನ್ನು ಬುಡಮೇಲು ಮಾಡುತ್ತಿದ್ದ 1792ರಲ್ಲಿ ಗುರುದೀಕ್ಷೆ ಪಡೆದು, ಪೂರ್ವದೇಶಗಳಿಗೆ ಧರ್ಮಪ್ರಚಾರಕರನ್ನು ಕಳುಹಿಸುತ್ತಿದ್ದ ಪ್ಯಾರಿಸ್ ವಿದೇಶಿ ಮಿಷನ್ ಸಂಘದ ಮೂಲಕ ಅದೇ ವರ್ಷ ಭಾರತಕ್ಕೆ ಹೊರಟರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಟಿಪ್ಪುವಿನ ಆಳ್ವಿಕೆಯಲ್ಲಿ ಚದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಕೂಡಿಸಲು ಮೈಸೂರು ಸೀಮೆಗೆ ಬಂದು, ರುಮಾಲು ಸುತ್ತಿ, ಈ ನೆಲದ ಉಡುಗೆ ತೊಟ್ಟು, ಜನರ ಬಾಯಲ್ಲಿ ದೊಡ್ಡಸ್ವಾಮಿಯವರು ಎನಿಸಿಕೊಂಡರು. ಹಾಸನದ ಹತ್ತಿರದ ಸಾತಳ್ಳಿಯಲ್ಲಿ ಕ್ರೈಸ್ತ ಒಕ್ಕಲುಗಳ ನೆಲೆಯನ್ನೂ ಕಟ್ಟಿದರು.

ನಂಜನಗೂಡಿನ ಶ್ರೀಕಂಠೇಶ್ವರನ ಬಗ್ಗೆ ಬರೆಯುವಾಗ ದುಬಾಯ್ ಅವರ ಗಮನ ನಿಂತದ್ದು ಸಂತಾನವಿಲ್ಲದ ಹೆಣ್ಣುಮಕ್ಕಳ ಹರಕೆಯ ಮೇಲೆ. ಆ ಹರಕೆಗೆ ಸಂಬಂಧಿಸಿದ ಪದ್ಧತಿಯೊಂದನ್ನು ಅವರು ತೀರ ಅಸಹ್ಯದಿಂದ ವರ್ಣಿಸುತ್ತಾರೆ. ಮೂಗೂರಿನಲ್ಲಿ ಅವರು ತಿಪಮ್ಮ ಎಂದು ಹೆಸರಿಸುವ ದೇವಿ, ಸುತ್ತಲಿನ ಊರುಗಳು ತಿಬ್ಬಾದೇವಿ ಎಂದು ನಡೆದುಕೊಳ್ಳುವ ತ್ರಿಪುರಸುಂದರಿಯೇ ಇರಬೇಕು. ಅಲಂಕರಿಸಿದ ಪಲ್ಲಕ್ಕಿಯಲ್ಲಿ ದೇವಿಯ ಮೂರ್ತಿ ಬೀದಿಬೀದಿ ಸಾಗುವುದನ್ನೂ, ಅದರೆದುರು ಇನ್ನೊಂದು ಪುರುಷ ಮೂರ್ತಿ ಇರುವುದನ್ನೂ, ಜನ ಅದನ್ನು ಕಂಡು ಹಿಗ್ಗುವುದನ್ನೂ ಬರೆದು, ಎಲ್ಲವನ್ನೂ ಅಶ್ಲೀಲವೆಂದು ತೀರ್ಮಾನಿಸುತ್ತಾರೆ. ಬಸಿರು, ಬೆಳೆ, ಮಳೆಗಳನ್ನು ಒಂದೇ ಶಕ್ತಿಯ ಕೃಪೆಯೆಂದು ಕಾಣುವ ಒಕ್ಕಲು ಸಮಾಜದ ಚಿಂತನೆ ಅಲ್ಲಿ ಕೆಲಸ ಮಾಡುತ್ತಿರಬಹುದು ಎಂಬ ಪ್ರಶ್ನೆಯನ್ನು ಅವರು ಕೇಳಿಕೊಳ್ಳಲಿಲ್ಲ. ಕಪಿಲೆಯಲ್ಲಿ ಮಿಂದು, ಮುಡಿ ಕೊಟ್ಟು, ಒದ್ದೆ ಸೀರೆಯಲ್ಲೇ ಉರುಳುಸೇವೆ ಮಾಡುವ ತಾಯಿಯ ಸಂಕಟಕ್ಕೆ ಆ ಗ್ರಂಥದಲ್ಲಿ ಜಾಗವಿಲ್ಲ. ಆದರೆ ಇದೇ ಪಾದ್ರಿ ಸಿಡುಬಿನ ವಿರುದ್ಧ ದಾಕು ಹಾಕಿಸುವ ಕೆಲಸದಲ್ಲಿ ಹಗಲಿರುಳು ದುಡಿದು, 1803–04ರಲ್ಲಿ 25,432 ಮಂದಿಗೆ ದಾಕು ಹಾಕಿಸಿದರೆಂಬ ದಾಖಲೆಯೂ ಇದೆ. ಮಕ್ಕಳ ಪ್ರಾಣದ ಬಗ್ಗೆ ಇಷ್ಟು ಕಾಳಜಿಯಿದ್ದವರು ಮಕ್ಕಳಿಗಾಗಿ ಹರಕೆ ಹೊತ್ತವರನ್ನು ಕರುಣೆಯಿಂದ ಕಾಣದೆ ಹೋದದ್ದು ಅವರ ಬರಹದ ಅತಿ ದೊಡ್ಡ ಕೊರತೆ.

ದುಬಾಯ್ ಅವರ ಈ ಗ್ರಂಥದ ಹಸ್ತಪ್ರತಿಯನ್ನು ಮೈಸೂರಿನ ರೆಸಿಡೆಂಟ್, ಅಂದರೆ ಅರಸರ ಬಳಿ ಈಸ್ಟ್ ಇಂಡಿಯಾ ಕಂಪನಿಯ ಪ್ರತಿನಿಧಿಯಾಗಿದ್ದ ಮಾರ್ಕ್ ವಿಲ್ಕ್ಸ್ ಮೆಚ್ಚಿಕೊಂಡರು. ಮದರಾಸಿನ ಗವರ್ನರ್ ವಿಲಿಯಂ ಬೆಂಟಿಂಕ್ ಕಾಲದಲ್ಲಿ ಕಂಪನಿ ಅದನ್ನು 2,000 ವರಾಹ ಕೊಟ್ಟು ಕೊಂಡು, 1816ರಲ್ಲಿ ಲಂಡನ್ನಿನಲ್ಲಿ ಇಂಗ್ಲಿಷಿಗೆ ತರಿಸಿ ಅಚ್ಚು ಮಾಡಿಸಿತು. ಸಿಪಾಯಿಗಳ ರುಮಾಲು ಮತ್ತು ಹಣೆಯ ನಾಮಗಳಿಗೆ ಕೈಹಾಕಿದ್ದರಿಂದ ಸಿಡಿದ 1806ರ ವೆಲ್ಲೂರು ದಂಗೆಯ ಬೆನ್ನಿಗೇ ಈ ಖರೀದಿ ನಡೆಯಿತೆಂಬುದನ್ನು ಗಮನಿಸಬೇಕು. ಪ್ರಜೆಗಳ ಆಚಾರ ತಿಳಿಯದೆ ಆಳುವುದು ಅಪಾಯವೆಂದು ಅರಿತಿದ್ದ ಸರ್ಕಾರಕ್ಕೆ, ಜಾತಿವ್ಯವಸ್ಥೆಯೇ ಈ ಸಮಾಜವನ್ನು ಹಿಡಿದು ನಿಲ್ಲಿಸಿರುವ ಕಟ್ಟು, ಅದನ್ನು ಅಲುಗಿಸಬಾರದು ಎಂಬ ದುಬಾಯ್ ಅವರ ವಾದ ಬಹಳ ಅನುಕೂಲವಾಗಿತ್ತು. ಕ್ರಾಂತಿಯಲ್ಲಿ ತಮ್ಮ ನಾಡಿನ ಕಟ್ಟು ಕಳಚಿಬಿದ್ದುದನ್ನು ಕಂಡವರಿಗೆ ಹಾಗೆ ತೋರಿದ್ದು ಸಹಜವೆನ್ನಬಹುದು, ಆದರೆ ಆ ಕಟ್ಟಿನ ಭಾರ ಯಾರ ಹೆಗಲ ಮೇಲಿತ್ತು ಎಂಬುದನ್ನು ಅದು ಮರೆಮಾಚಿತು.

1823ರಲ್ಲಿ, ಫ್ರಾನ್ಸಿಗೆ ಮರಳಿದ ವರ್ಷವೇ, ಭಾರತದಲ್ಲಿ ಕ್ರೈಸ್ತಧರ್ಮದ ಸ್ಥಿತಿಯನ್ನು ಕುರಿತ ಅವರ ಪತ್ರಗಳು ಪ್ರಕಟವಾದವು. ಹಿಂದೂಗಳ ನಿಜವಾದ ಮತಾಂತರ ಅಸಾಧ್ಯವೆಂದೂ, ಬೈಬಲ್ ಅನುವಾದಿಸಿ ಹಂಚುವುದರಿಂದ ಕೇಡೇ ಹೆಚ್ಚೆಂದೂ ಅವರು ಅಲ್ಲಿ ವಾದಿಸಿ, ದಾರಿ ತಪ್ಪಿದ ಮಗನ ಸಾಮತಿಯಲ್ಲಿ ಕೊಬ್ಬಿದ ಕರುವನ್ನು ಕಡಿಯುವ ಪ್ರಸಂಗವನ್ನು ಓದುವ ಹಿಂದೂವಿಗೆ ಏನನ್ನಿಸೀತು ಎಂದು ಕೇಳಿದರು. ಇಪ್ಪತ್ತೈದು ವರ್ಷ ದುಡಿದು ತಾವು ಗಳಿಸಿದವರು ಇನ್ನೂರು ಮುನ್ನೂರು ಮಂದಿ, ಅವರಲ್ಲಿ ಮೂರರಲ್ಲಿ ಎರಡು ಪಾಲು ಹೊಲೆಯರು ಇಲ್ಲವೆ ಭಿಕ್ಷುಕರು ಎಂದು ಒಪ್ಪಿಕೊಂಡರು. ಧರ್ಮಪ್ರಚಾರಕ್ಕೆ ಕಂಪನಿಯ ನೆಲವನ್ನು ತೆರೆದಿದ್ದ 1813ರ ಸನದಿನ ಹುರುಪಿನಲ್ಲಿದ್ದ ಪ್ರಾಟೆಸ್ಟೆಂಟರಿಗೆ ಇದು ಸಹಿಸಲಾಗದ ಮಾತಾಯಿತು. ಜೇಮ್ಸ್ ಹಫ್ ಮತ್ತು ಹೆನ್ರಿ ಟೌನ್ಲಿ ಮರುವರ್ಷವೇ ಉತ್ತರ ಬರೆದರು. ಆದರೆ ಮತಾಂತರಗೊಂಡವರ ಆ ಎಣಿಕೆಯಲ್ಲೇ ದುಬಾಯ್ ಅವರ ತತ್ತ್ವದ ಸೋಲೂ ಇದೆ: ಜಾತಿಯನ್ನು ಎತ್ತಿಹಿಡಿದ ಗುರುವಿನ ಬಳಿಗೆ ಬಂದವರು ಬಹುಪಾಲು ಜಾತಿಯಿಂದ ತುಳಿತಕ್ಕೊಳಗಾದವರೇ ಆಗಿದ್ದರು, ಮತ್ತು ಅವರ ಬರುವಿಕೆಯನ್ನು ಗುರು ಸುವಾರ್ತೆಯ ಗೆಲುವೆಂದು ಕಾಣದೆ ಮಿಷನ್ನಿನ ಸೋಲೆಂದು ಲೆಕ್ಕ ಹಾಕಿದರು.

ಸಿಲ್ವಿಯಾ ಮುರ್ ಎಂಬ ಫ್ರೆಂಚ್ ವಿದುಷಿ 1987ರಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ, ದುಬಾಯ್ ಗ್ರಂಥದ ಬಹುಭಾಗ ಯೇಸುಸಭೆಯ ಪಾದ್ರಿ ಕೆರ್ದು ಅವರ ಹಿಂದಿನ ಹಸ್ತಪ್ರತಿಯಿಂದ ಎತ್ತಿಕೊಂಡದ್ದು. ಹಾಗಿದ್ದರೂ ಕೆರ್ದು ಅವರ ಕಾರ್ಯಕ್ಷೇತ್ರ ಮೈಸೂರಾಗಿರಲಿಲ್ಲವಾದ್ದರಿಂದ, ನಂಜನಗೂಡು ಮತ್ತು ಮೂಗೂರಿನ ಭಾಗ ದುಬಾಯ್ ಅವರದೇ ಇರುವ ಸಾಧ್ಯತೆ ಹೆಚ್ಚು, ಅದರ ಬೆಲೆಯೂ ಅಲ್ಲೇ ಇದೆ. ಬಿ.ಎಲ್. ರೈಸ್ 1894ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ ಮೂರನೆಯ ಸಂಪುಟದಲ್ಲಿ ಈ ಎರಡೂ ತಾಲ್ಲೂಕುಗಳ ಶಾಸನಗಳಿವೆ. ದುಬಾಯ್ ಅವರನ್ನು ಓದುವ ಎರಡು ತಾಲ್ಲೂಕುಗಳ ಓದುಗರು ಆ ಸಂಪುಟವನ್ನೂ, ಜಾತ್ರೆಗೆ ಇಂದಿಗೂ ಹರಕೆ ಹೊತ್ತು ಬರುವವರ ಮಾತನ್ನೂ ಪಕ್ಕದಲ್ಲಿಟ್ಟುಕೊಂಡು ಓದಬೇಕು.